ಬದಲಿ ಅತ್ತೆ

ಹೊಸ ಎಸ್‌ಯುವಿ ಮೂರು ಸಲ ಪರದೆ ಕಪ್ಪಾಗಿ, ತಾನಾಗಿ ಬ್ರೇಕ್ ಬಿದ್ದು ನಡುರಸ್ತೆಯಲ್ಲಿ ನಿಂತಿತು. ದೋಷ ಹಿಂದಿನ ಸೀಟಿನಲ್ಲಿ ಕೂರುವ ಅಜ್ಜಿ ದ್ಯಾಮವ್ವನದೆಂದು ಕಂಪನಿ ತೀರ್ಮಾನಿಸಿತು.

ಮೂರು ರಿಪೇರಿಗೂ ಸರಿಹೋಗದಿದ್ದರೆ ಗಾಡಿಯನ್ನಾದರೂ ಅದರಲ್ಲಿ ಕೂರುವವರನ್ನಾದರೂ ಬದಲಿಸಿಕೊಡಬೇಕೆಂದು ಕಾಯ್ದೆಯಿತ್ತು. ದೋಷ ಯಾರದೆಂದು ಗಾಡಿಯೇ ಹೇಳುತ್ತಿತ್ತು, ಕಂಪನಿ ಒಪ್ಪುತ್ತಿತ್ತು. ಇದುವರೆಗೆ ಯಾವ ಗಾಡಿಯೂ ತನ್ನ ಹೆಸರು ಹೇಳಿರಲಿಲ್ಲ.

“ಅಜ್ಜಿ ಕೆಮ್ಮಿದಾಗೆಲ್ಲ ಗಾಡಿ ಹೆದರತೈತ್ರಿ ಮೇಡಂ,” ಎಂದ ಹುಬ್ಬಳ್ಳಿ ಶೋರೂಮಿನ ಮ್ಯಾನೇಜರ್. “ಬದಲಿ ಅತ್ತಿ ರೆಡಿ ಅದಾರ. ಕೆಮ್ಮಂಗಿಲ್ಲ, ಎದುರು ಮಾತಾಡಂಗಿಲ್ಲ.”

ಸೊಸೆ ರೇಣುಕಾ ತಿರುಗಿ ನೋಡಿದಳು. ಸೋಫಾದ ಮೇಲೆ ಹೊಸ ಸೀರೆಯುಟ್ಟ ಮುದುಕಿಯೊಬ್ಬಳು, ಯಾರದೋ ಮನೆಯಿಂದ ವಾಪಸು ಬಂದವಳು, ಬಾಯಿಗೆ ಸೆರಗೊತ್ತಿಕೊಂಡು ಕೆಮ್ಮು ನುಂಗುತ್ತ ಕೂತಿದ್ದಳು.

ಗಾಡಿಯೊಳಗಿದ್ದ ದ್ಯಾಮವ್ವ ಬೆಲ್ಟ್ ಬಿಚ್ಚಿದಳು. “ಹೋಗ್ತೀನಿ ಬಿಡವ್ವಾ. ಹತ್ತಿ ಗಿರಣ್ಯಾಗ ನುಂಗಿದ ಧೂಳು, ಸಾಯೂತನಕ ಬಿಡಂಗಿಲ್ಲ. ಹುಡುಗ್ರರ ಗಾಡ್ಯಾಗ ಓಡಾಡಲಿ.”

“ಲಗೂನ ಇಳಿಸ್ರಿ ಮೇಡಂ, ಹಿಂದ ಮಂದಿ ಕಾಯಾಕತ್ತಾರ.”

ರೇಣುಕಾ ಹಿಂದಿನ ಸೀಟಿಗೆ ಹತ್ತಿ, ಅತ್ತೆ ಬಿಚ್ಚಿದ ಬೆಲ್ಟನ್ನು ಎಳೆದು ಮತ್ತೆ ಹಾಕಿದಳು.

“ಇಳಿಸಂಗಿಲ್ಲ,” ಎಂದಳು. “ಕೆಮ್ಮರಿ ಅತ್ತಿ, ಜೋರಾಗಿ ಕೆಮ್ಮರಿ.”