ಸ್ಯಾಕ್ಸೊಫೋನಿನ ಜೊತೆಗೆ

ಹೊಸ ಜಾಝ್ ಆಲ್ಬಂ ಕೇಳಿಸಲೆಂದು ಉಲ್ಲಾಸ ಭಾನುವಾರ ಸಂಜೆ ಆಫೀಸಿನ ಗೆಳೆಯರನ್ನು ಮನೆಗೆ ಕರೆದಿದ್ದ. ಸ್ಯಾಕ್ಸೊಫೋನ್ ಮೆಲ್ಲಗೆ ಏರುತ್ತಿದ್ದಾಗ ಒಳಕೋಣೆಯಿಂದ ಹಳೇ ಸಿನಿಮಾ ಹಾಡೊಂದು ಗೊರಗೊರ ಕೇಳಿಬಂತು.

"ನಿಮ್ಮನೇಲಿ ಇನ್ನೂ ರೇಡಿಯೊ ಕಾಲವೇನಯ್ಯಾ?" ಗೆಳೆಯನೊಬ್ಬ ನಕ್ಕ.

ನಾಚಿಕೆಯಿಂದ ಉಲ್ಲಾಸನ ಕಿವಿ ಬಿಸಿಯಾಯಿತು. "ವಾಣೀ, ಆ ದರಿದ್ರ ರೇಡಿಯೊ ಬಾಯಿ ಮುಚ್ಚಿಸೇ!" ಎಂದು ಹೆಂಡತಿಗೆ ಕೂಗಿದ.

ಹಾಡು ಥಟ್ಟನೆ ನಿಂತಿತು.

ಗೆಳೆಯರನ್ನು ಕಳಿಸಿ ಬಂದಾಗ ವಾಣಿ ಕೋಣೆಯ ಬಾಗಿಲಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಅಳೋದ್ಯಾಕೆ? ಎಲ್ಲರೆದುರು ತಲೆ ಎತ್ತದ ಹಾಗಾಗಿದ್ದು ನನಗೆ."

"ಮತ್ತೆ ಹಾಡಿ ಅಂತ ಆಗಿನಿಂದ ಬೇಡ್ಕೊತಿದೀನಿ, ತುಟಿ ಬಿಚ್ತಿಲ್ಲ."

"ಯಾರು?"

"ಅತ್ತೆ. ಲಕ್ವ ಹೊಡೆದು ಮಾತು ನಿಂತು ವರ್ಷ ಆದ್ಮೇಲೆ, ನಿಮ್ಮ ಸಂಗೀತ ಕೇಳಿ ಇವತ್ತೇ ಮೊದಲು ದನಿ ಎತ್ತಿದ್ರು ರೀ."