ಏಳು ಜನ ಮತ್ತು ಒಂದು ಪಂಪು

ಎಡಗೈಯಲ್ಲಿ ಮೂವತ್ತು ಕಿಲೋದ ಪಂಪು ಎತ್ತಿ ಹಿಡಿದು, ಬಲಗೈ ಒಂದರಲ್ಲೇ ಏಳು ಜನರನ್ನು ಬಡಿದು ತೋಡಿಗೆ ಉರುಳಿಸಿದ್ದ ಲಯನೆಲ್. ಏಳನೆಯವನು ಬಿದ್ದ ರಭಸಕ್ಕೆ ನೀರು ಪಡೀಲಿನ ರೈಲು ಹಳಿಯವರೆಗೆ ಚಿಮ್ಮಿತ್ತಂತೆ. ಇಷ್ಟನ್ನೂ ಅವನು ಎರಡು ಹಲ್ಲು ಹೋದ ಬಾಯಿಯಿಂದ, ಕ್ಲಿನಿಕ್ಕಿನ ಮಂಚದ ಮೇಲೆ ಮಲಗಿ ಹೇಳುತ್ತಿದ್ದ.

“ಗೆದ್ದದ್ದು ನೀವು, ಹಲ್ಲು ಹೋದದ್ದೂ ನಿಮ್ಮದೇ,” ಎಂದಳು ನರ್ಸ್ ಆಂಡ್ರಿಯಾ, ಅವನ ಹರಿದ ತುಟಿ ಒರೆಸುತ್ತಾ.

“ಅವರ ಬಾಯಿ ನೀನು ನೋಡಬೇಕಿತ್ತು ಮಾರಾಯ್ತಿ.”

ಪಂಪು ನಾಲ್ಕು ಮನೆಗಳಿಗೆ ಸೇರಿದ್ದು. ಸರದಿಯ ಪ್ರಕಾರ ಒಬ್ಬರ ಬಸಳೆ ಚಪ್ಪರದಿಂದ ಇನ್ನೊಬ್ಬರ ಬೆಂಡೆ ಸಾಲಿಗೆ ಅದನ್ನು ಹೊತ್ತು ತರಬೇಕು. ಇಂದಿನ ಸರದಿ ಪಕ್ಕದ ಮನೆಯ ಮುಖೇಶನದ್ದು. ಲಯನೆಲ್ ಹೇಳದೆ ಕೇಳದೆ ಎತ್ತಿ ತಂದಿದ್ದ. ಇಂಜಿನ್ನಿಗೆ ಸುತ್ತಿದ ಹಗ್ಗವನ್ನು ಒಂದೇ ಸಲ ಎಳೆದು ಅದನ್ನು ಚಾಲೂ ಮಾಡುವ ಗಂಡು ಇಡೀ ಮಂಗಳೂರಿನಲ್ಲಿ ತಾನೊಬ್ಬನೇ ಎಂದು ಅವನ ಅಂಬೋಣ. ಉಳಿದವರು ಹಗ್ಗದ ತುದಿಯನ್ನು ಬೆರಳಲ್ಲಷ್ಟೇ ಹಿಡಿದು ಎಳೆಯುವುದನ್ನು ಕಂಡರೆ ಅವನಿಗೆ ನಗು.

“ಯಾರು ಪಪ್ಪಾ?” ಎಂದು ಮಗ ಪ್ರೇಮ್ ಹಲ್ಲು ಕಡಿದು ಕೇಳಿದಾಗ ಲಯನೆಲನ ಬಾಯಿಗೆ ಬಂದದ್ದು ಒಂದೇ ಹೆಸರು.

“ಮುಖೇಶ್. ಏಳು ಜನರಿಗೂ ಅವನೇ ಲೀಡರ್.”

ಈಗ ಕಿಟಕಿಯ ಹೊರಗೆ ಏಟಿನ ಸದ್ದು. ಪ್ರೇಮ್ ಗೆಳೆಯರೊಂದಿಗೆ ಮುಖೇಶನನ್ನು ಕ್ಲಿನಿಕ್ಕಿನ ಅಂಗಳಕ್ಕೆ ಎಳೆದು ತಂದಿದ್ದ. ಏಟು ಬೀಳುವ ಮೊದಲೇ ಮುಖೇಶನ ಅಂಗಿಯ ತುಂಬ ರಕ್ತವಿತ್ತು. ಇನ್ನೇನು ಸಾಕ್ಷಿ ಬೇಕು? ಹೆಲ್ಮೆಟ್ಟಿನಿಂದ ಒಂದು ಬಿತ್ತು. ಮುಖೇಶ್ ಕೆನ್ನೆ ಮುಚ್ಚಿಕೊಂಡ. ಅಂಗೈಯ ಚರ್ಮ ಸುಟ್ಟು ಸುಲಿದಿತ್ತು.

“ನಿನ್ನ ಪಪ್ಪನಲ್ಲಿ ಕೇಳು ಮಾರಾಯ,” ಎಂದ. ಉತ್ತರಕ್ಕೆ ಹೊಟ್ಟೆಗೆ ಒದೆ ಬಿತ್ತು.

ಆಂಡ್ರಿಯಾ ಲಯನೆಲನ ಬಲತೋಳಿನ ಅಂಗಿ ಸರಿಸಿದಳು. ಮಣಿಕಟ್ಟಿನ ಸುತ್ತ ಹಗ್ಗ ಕೊರೆದ ಬರೆ, ಮಾಂಸ ಕಾಣುವಷ್ಟು ಆಳ.

“ಇದು ಎಂತ ಅಂಕಲ್?”

“ಕಟ್ಟಿ ಹಾಕಿ ಹೊಡೆದದ್ದು.”

“ಏಳು ಜನರನ್ನು ಬಡಿದ ಕೈ ಇದೇ ಅಲ್ವಾ?”

ಲಯನೆಲ್ ಅಂಗಿಯ ತೋಳನ್ನು ಕೆಳಗೆಳೆದುಕೊಂಡ.

“ಎಡಗೈಯಲ್ಲಿ ಗುರುತೇ ಇಲ್ಲ,” ಎಂದಳು ಅವಳು. “ಒಂದೇ ಕೈಗೆ ಕಟ್ಟುವವರು ಯಾರು ಉಂಟು?”

ಹೊರಗೆ ಪ್ರೇಮ್ ಮುಖೇಶನ ಎದೆಯ ಮೇಲೆ ಮೊಣಕಾಲೂರಿ, ಕೆಂಪುಕಲ್ಲಿನ ತುಂಡೊಂದನ್ನು ಎರಡೂ ಕೈಯಲ್ಲಿ ಎತ್ತಿದ. “ಬಾಯಿ ತೆರೆ. ಪಪ್ಪನ ಹಲ್ಲಿಗೆ ನಿನ್ನ ಹಲ್ಲು.”

ಲಯನೆಲ್ ಮಂಚದಿಂದ ಜಿಗಿದು, ಬಿದ್ದು, ತೆವಳಿ ಕಿಟಕಿಯ ಸರಳು ಹಿಡಿದ.

“ಕಲ್ಲು ಬಿಡು ಮಗಾ. ಏಳು ಜನ ಇರಲಿಲ್ಲ, ಒಬ್ಬನೂ ಇರಲಿಲ್ಲ. ನಾನು ಹಗ್ಗವನ್ನು ಕೈಗೆ ಸುತ್ತಿಕೊಂಡು ಎಳೆದೆ. ಪಂಪು ಚಾಲೂ ಆಗಿ ನನ್ನನ್ನೇ ಎಳೆದು ಎಳೆದು ಬಡಿಯಿತು. ಓಡಿ ಬಂದು, ಕಾದ ಇಂಜಿನ್ನಿಗೆ ಬರಿಗೈ ಹಾಕಿ ಅದನ್ನು ನಿಲ್ಲಿಸಿ, ರಕ್ತ ಸುರಿಯುತ್ತಿದ್ದ ನನ್ನನ್ನು ಎತ್ತಿದವನು ಮುಖೇಶ್.”