ಆರನೇ ಜೋಡಿ ಕಾಲು

ಪರದೆ ಮೊಣಕಾಲಿನ ತನಕ ಇಳಿದಿತ್ತು, ಅದರ ಕೆಳಗೆ ಕಾಣ್ತಿದ್ದಿದ್ದು ಬರೀ ಕಾಲು. ಯೇಸು ಸ್ವಾಮಿ ಶಿಷ್ಯರ ಕಾಲು ತೊಳೆದ ದಿನ ಅದು. ಚುನಾವಣೆ ಆದಮೇಲೆ ಆ ಚರ್ಚಲ್ಲಿ ಹಳದಿ ಬಾವುಟದವರು ಎಡಗಡೆ, ನೇರಳೆ ಬಾವುಟದವರು ಬಲಗಡೆ. ಎರಡು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡಿಲ್ಲ. ಪಾದ್ರಿ ತಲೆ ಓಡಿಸಿದ. "ಮುಖ ನೋಡಬೇಡ್ರಪ್ಪ, ಕಾಲು ತೊಳೀರಿ ಸಾಕು" ಅಂದ. ಲೆಕ್ಕ ಇಷ್ಟು: ನೇರಳೆಯವರು ಆರು ಜನ ಆ ಕಡೆ ಕುರ್ಚಿ ಮೇಲೆ, ಹಳದಿಯವರು ಆರು ಜನ ಈ ಕಡೆ ಮಂಡಿಯೂರಿ. ಆಮೇಲೆ ಅದಲು ಬದಲು. ಯಾರ ಕಾಲು ಯಾರು ತೊಳೆದರು ಅಂತ ದೇವರಿಗೆ ಮಾತ್ರ ಗೊತ್ತು.

ದೇವರಿಗೆ, ಮತ್ತೆ ಹಳದಿ ಸಾಲಲ್ಲಿ ಮಂಡಿಯೂರಿದ್ದ ಬೂಟು ಹೊಲಿಯೋ ಮೇಸ್ತ್ರಿಗೆ. ಪಾದ್ರಿ ಎಡವಿದ್ದೇ ಅಲ್ಲಿ. ನಲವತ್ತು ವರ್ಷ ಊರವರ ಪಾದದ ಅಳತೆ ತಗೊಂಡವನಿಗೆ ಪರದೆ ಏನು ಮರೆಮಾಡುತ್ತೆ? ಹಿಮ್ಮಡಿ ಬಿರಿದಿದ್ದು ಬೇಕರಿಯವನದು. ಉಗುರು ಕತ್ತರಿಸದೆ ಕೊಳೆ ತುಂಬಿದ್ದು ಶಾಲೆ ಮೇಷ್ಟ್ರದು, ಊರಿಗೆಲ್ಲ ಶುಚಿತ್ವದ ಪಾಠ ಹೇಳೋ ಮಹಾನುಭಾವ.

ಪಕ್ಕದಲ್ಲಿ ದರ್ಜಿ ಪಿಸುಗುಟ್ಟಿದ, "ಮೇಸ್ತ್ರಿ, ನನ್ನ ಕೈಯಲ್ಲಿರೋದು ಯಾರ ಕಾಲು?"

ಅದು ಬೇಕರಿಯವನ ಕಾಲು. ದರ್ಜಿ ಅಂಗಡಿಯ ಗಾಜಿಗೆ ಕಲ್ಲು ಬೀಸಿದವನೂ ಅವನೇ.

"ನನಗೇನು ಗೊತ್ತು? ಬಾಯಿ ಮುಚ್ಕೊಂಡು ತೊಳಿ."

ಮೇಸ್ತ್ರಿ ಎದುರು ಮಾತ್ರ ಕಾಲೇ ಇರಲಿಲ್ಲ. ಬೋಗುಣಿಗೆ ಬಿಸಿನೀರು ಸುರಿದು ತಲೆ ಎತ್ತೋದರೊಳಗೆ ಒಂದು ಜೋಡಿ ಬಂದು ಕೂತಿತ್ತು. ನಡೆದು ಬಂದ ಸದ್ದಿಲ್ಲ. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದೆ. ಹೆಬ್ಬೆರಳಿನ ಉಗುರು ಕಪ್ಪು. ಚಿಕ್ಕವನಿದ್ದಾಗ ಅದರ ಮೇಲೆ ಸುತ್ತಿಗೆ ಬೀಳಿಸಿದ್ದು ಮೇಸ್ತ್ರಿಯೇ.

ಅಣ್ಣನ ಕಾಲು. ಆ ಕಾಲಿಗೆ ಅಂತಲೇ ವರ್ಷವರ್ಷ ಎಡದ ಬೂಟು ಒಂದು ಬೆರಳು ಹೆಚ್ಚು ಅಗಲ ಹೊಲಿಯೋನು. ಅಣ್ಣ ಮನೆ ಮೇಲೆ ನೇರಳೆ ಬಾವುಟ ಕಟ್ಟಿದ ದಿನ ಹೊಲಿಯೋದು ಬಿಟ್ಟ. ಅಣ್ಣ ಪೇಟೆ ಬೂಟು ಹಾಕ್ಕೊಂಡು ಕುಂಟಿದ. ಹೋದ ಚಳಿಗಾಲದಲ್ಲಿ ಹಾಸಿಗೆ ಹಿಡಿದಾಗ "ತಮ್ಮನ್ನ ಕರೀರಿ" ಅಂದನಂತೆ. "ಮೊದಲು ಬಾವುಟ ಇಳಿಸಲಿ" ಅಂತ ಹೇಳಿ ಕಳಿಸಿದ ಈ ಪುಣ್ಯಾತ್ಮ. ಬಾವುಟ ಇಳಿಯಲಿಲ್ಲ. ಅಣ್ಣನೇ ಮಣ್ಣಿಗೆ ಇಳಿದ.

ಮೇಸ್ತ್ರಿ ಆ ಎಡಗಾಲು ಹಿಡಿದ. ಬಿಸಿನೀರು ಕೈಯಲ್ಲೇ ತಣ್ಣಗಾಯ್ತು. ಹಿಮ್ಮಡಿಯಲ್ಲಿ ಪೇಟೆ ಬೂಟು ಕಚ್ಚಿದ ಗಾಯ ಇನ್ನೂ ಹಸಿ. ತೊಳೆದಷ್ಟೂ ಮಣ್ಣು ಬಿಡ್ತಾನೇ ಇತ್ತು. ಬಲಗಾಲಿಗೆ ಕೈ ಚಾಚಿದ. ಅದು ಕುರ್ಚಿ ಕೆಳಗೆ ಹಿಂದಕ್ಕೆ ಸರೀತು.

"ಅಣ್ಣಾ" ಅಂದ, ದರ್ಜಿಗೂ ಕೇಳಿಸದಷ್ಟು ಮೆಲ್ಲಗೆ. "ನಾನು ಬರಬೇಕಿತ್ತು ಕಣೋ. ಬಾವುಟ ಅಡ್ಡ ಇಟ್ಕೊಂಡು ಬರಲಿಲ್ಲ. ತಪ್ಪಾಯ್ತು."

ಬಲಗಾಲು ನಿಧಾನಕ್ಕೆ ಮುಂದೆ ಬಂತು.

ಅದನ್ನೂ ತೊಳೆದು ಒರೆಸಿದ. ಪಾದ್ರಿ ಗಂಟೆ ಅಲ್ಲಾಡಿಸಿದ. ಈ ಕಡೆಗೂ ಕುರ್ಚಿ ಹಾಕಿದ್ರು, ಆ ಕಡೆಗೂ ಬೋಗುಣಿ ಇಟ್ರು. ಹಳದಿಯವರು ಕೂತು ಪರದೆ ಕೆಳಗೆ ಕಾಲು ಚಾಚಿದ್ರು. ಪಾದ್ರಿ ಆ ಕಡೆ ಹೋಗಿ ನೋಡಿ, ಮುಖ ಸಣ್ಣ ಮಾಡ್ಕೊಂಡು ವಾಪಸ್ ಬಂದ.

"ಮೇಸ್ತ್ರಿ, ನೀನು ಏಳಪ್ಪ. ಅವರು ಐದೇ ಜನ. ಆರನೆಯವನು ಬರಲೇ ಇಲ್ಲವಂತೆ, ಆ ಕುರ್ಚಿ ಮೊದಲಿಂದ ಖಾಲಿ." ಅಷ್ಟರಲ್ಲಿ ಅವನ ಕಣ್ಣು ಮೇಸ್ತ್ರಿಯ ಬೋಗುಣಿ ಮೇಲೆ ಬಿತ್ತು. ತಳದಲ್ಲಿ ಒಂದು ಹಿಡಿ ಕೆಮ್ಮಣ್ಣು. "ನೀನು ಇಷ್ಟೊತ್ತು ತೊಳೆದಿದ್ದು ಯಾರ ಕಾಲು?"

ಮೇಸ್ತ್ರಿ ಎದ್ದೇಳಲಿಲ್ಲ. ಪ್ಯಾಂಟು ಮೊಣಕಾಲಿನ ತನಕ ಮಡಚಿ, ಎರಡೂ ಕಾಲು ಪರದೆ ಕೆಳಗೆ ಇಟ್ಟ.

"ಸ್ವಲ್ಪ ಇರಿ ಫಾದರ್, ಬರ್ತಾನೆ. ಕುಂಟ್ಕೊಂಡು ಬರಬೇಕಲ್ಲ, ತಡ ಆಗುತ್ತೆ."

ಪರದೆಯ ಆ ಕಡೆ, ಖಾಲಿ ಕುರ್ಚಿ ಹತ್ತಿರ, ಬೋಗುಣಿಯೊಂದು ನೆಲಕ್ಕೆ ಉಜ್ಜಿಕೊಂಡು ಇವನ ಕಡೆಗೆ ಸರೀತಾ ಬಂತು.